ವಾರಿನ್ ಹುಟ್ಟಿದ ದಿನ

ತಾನು ಹೆತ್ತ ಮಗ ಯಾವ ದಿನ ಹುಟ್ಟಿದ ಎಂದು ಹವೀಸ್‌ಳನ್ನು ಯಾರೂ ಕೇಳಲಿಲ್ಲ. ಹೆಂಗಸಿನ ಮಾತು ಸಾಕ್ಷಿಗೆ ಬರುವುದಿಲ್ಲ. ನೋವು ತಿಂದವಳು ಇಗರ್ಜಿಯ ಗೋಡೆಗೆ ಒರಗಿ ಸುಮ್ಮನೆ ಕೂರಬೇಕು, ಹನ್ನೆರಡು ಮಂದಿ ಗಂಡಸರು ಬಂದು ಆ ದಿನ ಇಂಥದ್ದೆಂದು ಹೇಳಬೇಕು. ದೊರೆಯ ಕಾನೂನು ಇರುವುದೇ ಹಾಗೆ, ಅದರ ತಲೆಬುಡ ಹುಡುಕಿದವರು ಯಾರೂ ಇಲ್ಲ.

ಅವಳ ಗಂಡ ಬ್ಯಾರನ್ ಬರ್ಟ್ರಾಮ್ ಗ್ಯಾಸ್ಕನಿಯ ಯುದ್ಧದಲ್ಲಿ ಸತ್ತಾಗ ಮಗ ವಾರಿನ್‌ಗೆ ನಾಲ್ಕು ವರ್ಷ. ಅಪ್ಪನಿಲ್ಲದ ಹುಡುಗನ ಕೋಟೆ, ಕಾಡು, ಹದಿನಾಲ್ಕು ಹಳ್ಳಿ, ಕೊನೆಗೆ ಅವನ ಮದುವೆಯ ಮಾತು ಕೂಡ ದೊರೆಯ ಕೈಗೆ ಹೋಯಿತು. ದೊರೆ ಅಷ್ಟನ್ನೂ ಸರ್ ಡ್ರೋಗೋಗೆ ವಹಿಸಿದ. ಡ್ರೋಗೋ ಹದಿನೇಳು ವರ್ಷ ಹಾರ್ಟ್‌ವೋಲ್ಡ್ ಸೀಮೆಯನ್ನು ನುಣ್ಣಗೆ ಮೇಯ್ದ. ಹುಡುಗನಿಗೆ ಇಪ್ಪತ್ತೊಂದು ತುಂಬಿದ ದಿನ ಅವನು ಕೈ ತೆಗೆಯಬೇಕು. ‘ಎಲ್ಲಿ ತುಂಬಿದೆ? ಇನ್ನೂ ಇಪ್ಪತ್ತು’ ಎಂದು ಅವನ ಪಟ್ಟು. ಒಂದೇ ಒಂದು ವರ್ಷ ಸಿಕ್ಕಿದರೆ ತನ್ನ ತಂಗಿಯ ಮಗಳನ್ನು ವಾರಿನ್‌ಗೆ ಕಟ್ಟಿ, ಸೀಮೆಯನ್ನು ಶಾಶ್ವತವಾಗಿ ತನ್ನ ಮನೆಯೊಳಗೆ ಎಳೆದುಕೊಳ್ಳಬಹುದು.

ಹುಟ್ಟಿದ ದಿನವನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಅದು ಇದ್ದದ್ದು ಊರಿನವರ ತಲೆಯಲ್ಲಿ. ಹನ್ನೆರಡು ಬಾಯಲ್ಲೂ ಒಂದೇ ದಿನ ಬಂದರೆ ವಾರಿನ್ ಗೆದ್ದ, ಒಂದು ಬಾಯಿ ತಪ್ಪಿದರೂ ಕೆಟ್ಟ.

ದೊರೆಯ ಅಧಿಕಾರಿ ಕಂಬಳಿ ಹೊದ್ದು, ಮೂಗು ಒರೆಸಿಕೊಳ್ಳುತ್ತಾ ಒಬ್ಬೊಬ್ಬರನ್ನೇ ಕರೆದ. ಮೊದಲು ಬಂದ ಮುದುಕ ಕುಂಟುತ್ತ ಬಂದ.

“ಸಂತ ಕ್ಯಾಥರೀನಮ್ಮನ ಹಬ್ಬ ಸ್ವಾಮಿ. ಮಗು ಹುಟ್ಟಿದ ದಿನಾನೇ ನಾಮಕರಣ ಅಲ್ವಾ, ಅದಕ್ಕೆ ಅಂತ ಬಿಯರ್ ಪೀಪಾಯಿ ಹೇರ್ಕೊಂಡು ಬರ್ತಿದ್ದೆ, ಗಾಡಿ ಮಗುಚಿ ಕಾಲು ಮುರೀತು. ಇಪ್ಪತ್ತೊಂದು ಚಳಿಗಾಲ ಆಯ್ತು, ಪ್ರತಿ ಚಳಿಗಾಲಾನೂ ಈ ಕಾಲು ಲೆಕ್ಕ ಒಪ್ಪಿಸುತ್ತೆ.”

ಇನ್ನೊಬ್ಬ ಅಂದು ಅಪ್ಪನನ್ನು ಮಣ್ಣು ಮಾಡಿ ಬರುವಾಗ ನಾಮಕರಣದ ಮೆರವಣಿಗೆ ಎದುರಾಗಿತ್ತಂತೆ. ಮತ್ತೊಬ್ಬನ ಹೆಂಡತಿ ಅವತ್ತೇ ಜಗಳವಾಡಿ ತವರಿಗೆ ಹೋಗಿದ್ದಳು.

“ವಾಪಸ್ ಬಂದಳೇನಯ್ಯಾ?” ಎಂದ ಅಧಿಕಾರಿ.

“ಬಂದ್ಲು ಸ್ವಾಮಿ. ಆ ದಿನ ಮಾತ್ರ ನೆನಪಿಲ್ಲ.”

ಇಡೀ ಇಗರ್ಜಿ ನಕ್ಕಿತು. ಹವೀಸ್ ನಗಲಿಲ್ಲ. ಆ ದಿನ ತನ್ನೊಬ್ಬಳದೇ ಎಂದು ಇಷ್ಟು ವರ್ಷ ತಿಳಿದಿದ್ದಳು. ಈಗ ನೋಡಿದರೆ ಅದನ್ನು ಇವರೆಲ್ಲ ಮುರಿದ ಕಾಲಲ್ಲಿ, ಗೋರಿಯಲ್ಲಿ, ಹಾಳಾದ ಸಂಸಾರದಲ್ಲಿ ಜೋಪಾನ ಮಾಡಿಟ್ಟಿದ್ದರು. ತನ್ನ ಮಗ ತನ್ನ ಹೊಟ್ಟೆಯಲ್ಲಿ ಮಾತ್ರ ಹುಟ್ಟಿದವನಲ್ಲ ಎಂದು ಅವಳಿಗೆ ಅನ್ನಿಸಿತು. ಹೀಗೆ ಹನ್ನೊಂದು ಬಾಯಿ ಒಂದೇ ದಿನ ನುಡಿದವು.

ಹನ್ನೆರಡನೆಯವನು ಓಸ್ಬರ್ನ್, ಹೊಳೆಯಾಚೆಯ ರೈತ. ಅವನ ಹೆಸರು ಕೇಳುತ್ತಲೇ ಹವೀಸ್ ಗೋಡೆ ಬಿಟ್ಟು ನೆಟ್ಟಗೆ ಕೂತಳು. ಅವನನ್ನು ಪಟ್ಟಿಗೆ ಸೇರಿಸಿದ್ದು ಡ್ರೋಗೋ, ಅದೂ ಬೇಕೆಂದೇ. ಓಸ್ಬರ್ನ್‌ನ ಅಣ್ಣ ವಿಲ್ಕಿನ್ ಬರ್ಟ್ರಾಮನ ಕಾಡಿನಲ್ಲಿ ಒಂದು ಜಿಂಕೆ ಹೊಡೆದಿದ್ದ. ಬರ್ಟ್ರಾಮ್ ಅವನನ್ನು ನೇಣಿಗೆ ಹಾಕಿಸಿದ. ಹಿಂದಿನ ದಿನ ಅವರ ತಾಯಿ ಹವೀಸ್‌ಳ ಕಾಲು ಹಿಡಿದು ಅತ್ತಿದ್ದಳು. ಯಜಮಾನಿ ಒಂದು ಮಾತು ಬೇಡಿದರೆ ಯಜಮಾನ ಬಿಡುವುದುಂಟು. ‘ರಾತ್ರಿ ಯಜಮಾನ್ರಿಗೆ ಹೇಳ್ತೀನಿ’ ಎಂದಿದ್ದಳು ಹವೀಸ್. ಅಷ್ಟರಲ್ಲಿ ಅವಳಿಗೆ ನೋವು ಶುರುವಾಯಿತು. ಮಾತು ಮರೆತೇಹೋಯಿತು. ಆಮೇಲೆ ನೆನಪಾದರೂ ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ, ಪಾದ್ರಿಗೂ ಕೂಡ.

“ನಿನಗೇನು ಗೊತ್ತಯ್ಯಾ?” ಎಂದ ಅಧಿಕಾರಿ.

“ಕ್ಯಾಥರೀನಮ್ಮನ ಹಬ್ಬ ಸ್ವಾಮಿ, ಇಪ್ಪತ್ತೊಂದು ವರ್ಷದ ಹಿಂದೆ. ಅವತ್ತು ಬೆಳಿಗ್ಗೆ ನಮ್ಮಣ್ಣನ್ನ ನೇಣಿಗೆ ಹಾಕಿದ್ರು.”

ಡ್ರೋಗೋ ಎದ್ದು ನಿಂತ.

“ಸರಿಯಾಗಿ ನೆನಪು ಮಾಡ್ಕೊಳ್ಳೋ. ಹುಡುಗ ಹುಟ್ಟಿದ್ದು ಹೊಳೆಗೆ ನೆರೆ ಬಂತಲ್ಲ, ಅದರ ಮಾರನೇ ವರ್ಷ, ಅಂದ್ರೆ ಇಪ್ಪತ್ತು ವರ್ಷದ ಹಿಂದೆ. ಆ ಮನೆಯೋರು ನಿಮಗೆ ಮಾಡಿದ್ದೇನು ಅಂತ ಮರೆತ್ಯಾ?”

“ಮರ್ತಿಲ್ಲ. ನಮ್ಮಣ್ಣ ಸತ್ತ ದಿನಾನ ನೀವು ನಂಗೆ ಹೇಳ್ಕೊಡ್ತೀರಾ?”

ಡ್ರೋಗೋ ಕೂತ.

“ಈ ಮನೆತನದ ಮೇಲೆ ನಿನಗೆ ಸಿಟ್ಟಿದೆಯಾ?” ಅಧಿಕಾರಿ ಕೇಳಿದ.

“ಇದೆ ಸ್ವಾಮಿ, ಯಾಕಿರಲ್ಲ? ನೀವು ಕೇಳಿದ್ದು ದಿನ, ನಾನು ದಿನ ಹೇಳ್ದೆ. ಲೆಕ್ಕ ತಪ್ಪೋ ಹಾಗೇ ಇಲ್ಲ, ಯಾಕಂದ್ರೆ ಅದನ್ನ ಇಟ್ಕೊಂಡಿರೋಳು ನಮ್ಮವ್ವ. ಹಿಂದಿನ ರಾತ್ರಿ ಅಮ್ಮಾವ್ರ ಕೋಣೆ ಬಾಗಿಲಲ್ಲಿ ನಿಂತಿದ್ಲು, ಅಣ್ಣನ ವಿಷಯ ನೆನಪು ಮಾಡೋಣ ಅಂತ. ಒಳಗೆ ಕೈ ಸಾಲ್ದೆ ಸೂಲಗಿತ್ತಿ ಬಂದು ‘ಏ, ನೀನು ಬಾರೇ’ ಅಂತ ಎಳ್ಕೊಂಡು ಹೋದ್ಲಂತೆ. ಬೆಳಗಿನವರೆಗೂ ಅಮ್ಮಾವ್ರನ್ನ ಹಿಂದಿನಿಂದ ತಬ್ಬಿ ಹಿಡಿದಿದ್ದೋಳು ಅವಳೇ. ಮಗು ಹುಟ್ಟಿ ಅವಳು ಹೊರಗೆ ಬಂದ್ರೆ ಇಗರ್ಜಿ ಗಂಟೆ ಹೊಡೀತಿತ್ತು. ಅಷ್ಟೊತ್ತಿಗೆ ಅಣ್ಣನ್ನ ನೇಣಿಗೆ ಹಾಕಿ ಎಲ್ಲಾ ಮುಗಿದಿತ್ತು. ಅವತ್ತಿಂದ ಪ್ರತಿ ವರ್ಷ ಎರಡು ಮೇಣದಬತ್ತಿ ಹಚ್ತಾಳೆ. ಒಂದು ಅಣ್ಣಂಗೆ. ಇನ್ನೊಂದು ಹಚ್ಚಿ, ‘ಕೋಟೆ ಮಗೂಗೆ ಇವತ್ತು ಐದು ತುಂಬ್ತು, ಆರು ತುಂಬ್ತು’ ಅಂತಾಳೆ. ಈ ಸಲ ಇಪ್ಪತ್ತೊಂದು ಅಂದ್ಲು.”

ಅಧಿಕಾರಿ ಮೂಗು ಒರೆಸಿಕೊಳ್ಳುವುದನ್ನು ಮರೆತು ಕೂತಿದ್ದ. ಕಿಟಕಿ ಮುಚ್ಚಿದ ಆ ಕತ್ತಲೆ ಕೋಣೆಯಲ್ಲಿ ತನ್ನನ್ನು ಹಿಡಿದವರು ಯಾರೆಂದು ಹವೀಸ್ ಒಮ್ಮೆಯೂ ತಿರುಗಿ ನೋಡಿರಲಿಲ್ಲ, ಆಮೇಲೆ ಕೇಳಿಯೂ ಇರಲಿಲ್ಲ. ದೇವರೇ, ಇಂಥ ಜನ ಈ ಭೂಮಿಯ ಮೇಲಿದ್ದಾರೆಯೇ ಎಂದುಕೊಂಡಳು.

ವಾರಿನ್‌ಗೆ ವಯಸ್ಸು ತುಂಬಿದೆ ಎಂದು ಅಧಿಕಾರಿ ಸಾರಿದ. ಡ್ರೋಗೋ ಕುದುರೆ ಹತ್ತಿ, ಯಾರ ಮುಖವನ್ನೂ ನೋಡದೆ ಹೋದ. ಊರಿನವರು ಹೊಸ ಯಜಮಾನನಿಗೆ ಜೈಕಾರ ಹಾಕಿದರು. ವಾರಿನ್ ಅವರನ್ನೆಲ್ಲ ದಾಟಿಕೊಂಡು ನೇರ ಓಸ್ಬರ್ನ್ ಹತ್ತಿರ ಬಂದ.

“ನಿಮ್ಮ ತಾಯಿ ಇದಾರಾ?”

“ಇದಾಳೆ. ಗುನಿಲ್ಡ ಅಂತ. ಕಣ್ಣು ಕಾಣಲ್ಲ. ಹೊರಡುವಾಗ ‘ಹುಡುಗ ಎಷ್ಟು ಎತ್ತರ ಆಗಿದಾನೆ, ನೋಡ್ಕೊಂಡು ಬಾ’ ಅಂದ್ಲು.”

“ಅವರೇ ನೋಡ್ಲಿ” ಎಂದ ವಾರಿನ್.

ಹವೀಸ್ ಕೂಡ ಜೊತೆಗೆ ಹೊರಟಳು, ಮೂವರೂ ನಡೆದೇ ಹೊಳೆ ದಾಟಿದರು. ಹುಲ್ಲು ಹೊದಿಸಿದ ಆ ಮನೆಯ ಬಾಗಿಲು ಎಷ್ಟು ಗಿಡ್ಡವೆಂದರೆ ವಾರಿನ್ ಸೊಂಟ ಬಗ್ಗಿಸಿ ನುಸುಳಬೇಕಾಯಿತು. ಒಲೆಯ ಪಕ್ಕದಲ್ಲಿ ಹಿಡಿಯಷ್ಟಾದ ಒಬ್ಬ ಮುದುಕಿ ಒಣ ಬಟಾಣಿ ಸುಲಿಯುತ್ತ ಕೂತಿದ್ದಳು. ಯಾರು ಬಂದಿದ್ದಾರೆಂದು ಓಸ್ಬರ್ನ್ ಹೇಳಿದ. ವಾರಿನ್ ಅವಳ ಮುಂದೆ ಮಂಡಿಯೂರಿದ. ಅವಳು ಅವನ ಮುಖ ತಡವಿದಳು, ಕಿವಿ ತಡವಿದಳು, ಭುಜಕ್ಕೆ ಬಂದಾಗ ಅವಳ ಕೈ ನಿಂತಿತು.

“ಇದೇ ನೋಡು ಭುಜ! ಅವತ್ತು ನಮ್ಮನ್ನೆಲ್ಲ ಗೋಳು ಹುಯ್ಕೊಂಡಿದ್ದು ಇದೇ. ತಲೆ ಬಂತು, ಇದು ಬರ್ಲೇ ಇಲ್ಲ.”

ಅವಳು ಬೊಚ್ಚು ಬಾಯಿ ತೆರೆದು ನಕ್ಕಳು. ವಾರಿನ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಹವೀಸ್ ಮಗನ ಪಕ್ಕದಲ್ಲಿ ಮಣ್ಣು ನೆಲದ ಮೇಲೆ ಕುಸಿದಳು. ರೇಷ್ಮೆ ಸರಭರ ಎಂದದ್ದು ಕೇಳಿ ಮುದುಕಿ ಮುಖವೆತ್ತಿದಳು.

“ನಾನು, ಹವೀಸ್. ಹೇಳ್ತೀನಿ ಅಂದಿದ್ದೆ. ಮರೆತುಬಿಟ್ಟೆ.”

ಮುದುಕಿ ಇನ್ನೊಂದು ಬಟಾಣಿ ಸುಲಿದಳು. ಓಸ್ಬರ್ನ್ ಗೋಡೆಯ ಕಡೆ ತಿರುಗಿ ನಿಂತ.

“ಇಡೀ ರಾತ್ರಿ ನಿಮ್ಮ ಕಿವಿ ನನ್ನ ಬಾಯಿ ಹತ್ರಾನೇ ಇತ್ತು, ಅಮ್ಮಾವ್ರೆ” ಎಂದಳು ಗುನಿಲ್ಡ. “ಮಗನ ಪ್ರಾಣ ಕೇಳಬೌದಿತ್ತು. ನೀವು ಸತ್ತೇ ಹೋಗ್ತೀರಿ ಅನ್ನಿಸ್ತು. ಆ ಗಳಿಗೇಲಿ ಏನು ಕೇಳೋದು ಅಂತ ಸುಮ್ನಾದೆ.”