ಮೂರು ಸಾಲಿನ ಅಂಚು

ನಾನು ಬುದ್ಧಿವಂತನೆಂದು ಬನಹಟ್ಟಿಯಲ್ಲಿ ನಂಬಿದ್ದವನು ಒಬ್ಬನೇ, ಅದು ನಾನು. ಸೀರೆಯ ಅಂಚಿಗೆಂದೇ ಒಂದು ಪುಟ್ಟ ಕಂಪ್ಯೂಟರ್ ಭಾಷೆ ಕಟ್ಟಿದ್ದೆ. 'ಬಳ್ಳಿ ಎರಡು, ಚಿತ್ರ ಒಂದು' ಎಂದು ಬರೆದರೆ ಸಾಕು, ಮಗ್ಗಕ್ಕೆ ವಿನ್ಯಾಸ ಹೇಳುವ ರಟ್ಟುಗಳಿಗೆ ಯಂತ್ರ ತಾನೇ ತೂತು ಹೊಡೆಯುತ್ತಿತ್ತು. ಸಾಕು ಎಂದದ್ದು ಸುಳ್ಳು. ಮೊದಲು ಇನ್ನೂರು ಸಾಲಿನ ಸೆಟ್ಟಿಂಗ್ ಫೈಲು ತುಂಬಬೇಕಿತ್ತು. ನೂಲು, ಬಣ್ಣ, ಅಗಲ, ಚಿತ್ರ ಯಾವುದು, ಅದರ ಮುಖ ಎತ್ತ ಕಡೆ, ಎಲ್ಲವನ್ನೂ ಅದು ಕೇಳುತ್ತಿತ್ತು. ನೇಕಾರರು ಸ್ವಲ್ಪ ನೋಡಿ, ಚಹಾ ಕುಡಿದು ಎದ್ದು ಹೋಗುತ್ತಿದ್ದರು.

ಕಡೆಗೆ, ಮಗ್ಗಗಳ ಮಾಲೀಕರಾದ ನನ್ನ ಮಾವ ಅನಂತಪ್ಪ ಒಂದು ಪರೀಕ್ಷೆ ಇಟ್ಟರು. ಕಿರಿಮಗಳು ಭಕ್ತಿಯ ನಿಶ್ಚಿತಾರ್ಥದ ಸೀರೆಗೆ ಅವರೇ, ನನ್ನನ್ನು ಕೇಳದೆ, ಫೈಲು ತುಂಬುವುದು. ಅದು ಕೆಟ್ಟರೆ ನಾನು ಕಂಪ್ಯೂಟರ್ ಬಿಟ್ಟು ಅವರ ಸೀರೆ ಅಂಗಡಿಯಲ್ಲಿ ಕೂರುವುದು. ಅಂಗಡಿಯೆಂದರೆ ನನಗೆ ಜೀವ ಹೋದಂತಾಗುತ್ತಿತ್ತು.

ಕೊಡಲಿ ಹಿಡಿದು ಕೂತೆ. ಬರೆಯದೆ ಬಿಟ್ಟದ್ದನ್ನು ಪ್ರೋಗ್ರಾಮೇ ತುಂಬಿಕೊಳ್ಳಲಿ ಎಂದು ಸಾಲುಗಳನ್ನು ಕಡಿದೆ. ಉಳಿದದ್ದು ಮೂರು: ನೂಲು, ಬಣ್ಣ, ಅಗಲ. ಇಷ್ಟೇ ಸಾಕೇ ಎಂದು ಹೆಂಡತಿ ಸುಮನ ಕೇಳಿದಳು. ನನಗದು ಹೊಗಳಿಕೆಯಾಗಿ ಕೇಳಿಸಿತು.

ಮಾವ ಮೂರು ಸಾಲು ತುಂಬಿ, ಮದುವೆಯಾದ ಮೇಲೆ ಮೊದಲ ಸಲ ನನ್ನನ್ನು ನೋಡಿ ನಕ್ಕರು. ಅವರ ಮಗ್ಗದ ಅಂಚೆಂದರೆ ಮಾವಿನಕಾಯಿ ಚಿತ್ರವೇ, ಊರಿಗೇ ಗೊತ್ತು. ಗೊತ್ತಿಲ್ಲದ್ದು ನನ್ನ ಪ್ರೋಗ್ರಾಮಿಗೆ.

ಸೀರೆ ಬಿಚ್ಚಿದರೆ ಅಂಚಿನುದ್ದಕ್ಕೂ ಮುಧೋಳದ ನಾಯಿಗಳು ಸಾಲಾಗಿ ಓಡುತ್ತಿದ್ದವು. ಪ್ರೋಗ್ರಾಮನ್ನು ಪರೀಕ್ಷಿಸುವಾಗ ಬಿಡಿಸಿದ್ದ ಚಿತ್ರ ಅದು. ಬೇರೆ ಹೇಳದಿದ್ದರೆ ಅದನ್ನೇ ಹಾಕು ಎಂದು ಅಲ್ಲೇ ಬಿಟ್ಟಿದ್ದೆ. ನೇಯ್ದ ಮುರಗೆಪ್ಪನಿಗೆ ಮೊದಲೇ ಕಂಡಿತ್ತಂತೆ. ಅಳಿಯಂದಿರ ಯಂತ್ರ, ನಾವ್ಯಾಕೆ ಬಾಯಿ ಹಾಕಬೇಕು ಎಂದು ಸುಮ್ಮನಿದ್ದನಂತೆ. ಭಕ್ತಿ ಅಳುತ್ತ ಒಳಗೆ ಹೋದಳು.

ಬೀಗರೂ ಮುಧೋಳದವರೇ, ಖುಷಿಪಟ್ಟಾರು ಎಂದೆ. ಯಾಕಾದರೂ ಬಾಯಿ ತೆರೆದೆನೋ.

ಮಾವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹಳೀದು ತಲಿ ತಿಂತಿತ್ತು ಖರೆ, ಅಳ್ಯಾರ. ಆದ್ರ ನನ್ನ ಕೇಳತಿತ್ತು. ಇದು ನಿಮ್ಮನ್ನಷ್ಟ ಕೇಳೇತಿ."

ಭಕ್ತಿ ಅಕ್ಕನ ಸೀರೆ ಉಟ್ಟು ನಿಶ್ಚಿತಾರ್ಥಕ್ಕೆ ಕೂತಳು. ನನಗೆ ತಲೆ ಎತ್ತಲಾಗಲಿಲ್ಲ.

ಈಗ ಫೈಲಿಗೆ ನಾಲ್ಕು ಸಾಲು. ಚಿತ್ರ ಯಾವುದೆಂದು ಬರೆಯುವವರೆಗೆ ಯಂತ್ರ ಅಲುಗುವುದಿಲ್ಲ. ಆ ಸಾಲನ್ನು ಅಂಗಡಿಯಲ್ಲೇ ಕೂತು ಬರೆದೆ, ಗಿರಾಕಿ ಇಲ್ಲದ ಹೊತ್ತಿನಲ್ಲಿ. ಗಿರಾಕಿ ಬಂದರೆ ನನಗೆ ಅಲ್ಲಿ ಒಂದೇ ಕೆಲಸ, ಎದ್ದು ನಿಂತು ಕೇಳುವುದು:

"ಅಂಚು ಯಾವ್ದು ಬೇಕ್ರಿ?"