ಮೋಟಾರಿನ ಎಣ್ಣೆ, ಮದುಮಗನ ಎಣ್ಣೆ

ಬಂಕಾಪುರದ ಆ ಮನೆಯಲ್ಲಿ ಅಂದು ಬೆಳಿಗ್ಗೆ ಎರಡು ಎಣ್ಣೆಗಳ ತಯಾರಿ ನಡೆದಿತ್ತು. ಪಡಸಾಲೆಯಲ್ಲಿ ಬೆಳ್ಳಿ ಬಟ್ಟಲಿನ ಅರಿಷಿಣದೆಣ್ಣೆ, ಮದುಮಗ ಚನ್ನವೀರಪ್ಪನಿಗೆ. ಹಿತ್ತಲಲ್ಲಿ ಹುಬ್ಬಳ್ಳಿಯಿಂದ ತರಿಸಿದ ತಗಡಿನ ಡಬ್ಬಿಯ ಎಣ್ಣೆ, ಅವನು ಹಾನಗಲ್ಲಿಗೆ ಹೋಗಬೇಕಾದ ಮೋಟಾರಿಗೆ. ಮೊದಲನೆಯದನ್ನು ಹಚ್ಚಲು ಐದು ಮಂದಿ ಮುತ್ತೈದೆಯರು ಬಂದು ಕುಳಿತಿದ್ದರು. ಎರಡನೆಯದನ್ನು ಹಾಕಬಲ್ಲವಳು ಇಡೀ ಊರಿನಲ್ಲಿ ಒಬ್ಬಳೇ, ವೀರವ್ವ. ಮದುಮಗನ ಅಣ್ಣ ಉಳಿವೆಪ್ಪನ ಹೆಂಡತಿ. ಉಳಿವೆಪ್ಪ ವಿಷಮಜ್ವರದಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು.

ಮೋಟಾರು ಅವನದೇ. ೧೯೩೫ರಲ್ಲಿ ಮುಂಬೈಯಿಂದ ತಂದದ್ದು. ಕೆಂಪು ಬಣ್ಣ, ಎರಡೇ ಸೀಟು, ಮೇಲೆ ಮುಚ್ಚಿಗೆಯಿಲ್ಲ, ಓಡಿದರೆ ರೇಸಿನ ಕುದುರೆ. ಅದರ ಹಾರ್ನಿಗೆ ಕೋಟೆಯ ನವಿಲುಗಳು ಮರುಕೂಗು ಹಾಕುತ್ತಿದ್ದವು. ಒಂದು ಚೀಲ ಜೋಳ ಹೊರದ ಗಾಡಿ ಎಂದು ನಗುತ್ತಿದ್ದ ಊರವರು, ಹತ್ತಿ ಕೂಡ್ರಿ ಎಂದರೆ ಮಾತ್ರ ಒಲ್ಲೆ ಎಂದವರಲ್ಲ. ಎಂಜಿನ್ನಿನ ಎಣ್ಣೆ ಬದಲಿಸುವುದನ್ನು ಉಳಿವೆಪ್ಪ ಮನೆಯಲ್ಲೇ ಮಾಡುತ್ತಿದ್ದ, ಹೆಂಡತಿಯನ್ನು ಪಕ್ಕಕ್ಕೆ ಕೂರಿಸಿಕೊಂಡು. ಕೆಲವು ಸಲವಾದ ಮೇಲೆ ಅವಳೇ ಗಾಡಿಯ ಅಡಿಗೆ ಹೋದಳು, ಅವನು ಪಕ್ಕಕ್ಕೆ ಕುಳಿತ.

ಅವನು ಹೋದ ಮೇಲೆ ಅವಳ ಬಳೆ ಹೋಯಿತು, ಕುಂಕುಮ ಹೋಯಿತು, ಶುಭಕಾರ್ಯ ಬಂದರೆ ಪಡಸಾಲೆಯೂ ಹೋಯಿತು. ಮೋಟಾರನ್ನು ಹಿತ್ತಲಿಗೆ ತಳ್ಳಿದರು, ಅವಳನ್ನು ಒಳಕೋಣೆಗೆ. ಆದರೆ ಹಾನಗಲ್ಲಿನ ಬೀಗರಿಗೆ ಮೋಟಾರಿನಲ್ಲೇ ಬರುತ್ತೇವೆ ಎಂದು ಮಾತು ಕೊಟ್ಟಾಗಿತ್ತು. ಹುಬ್ಬಳ್ಳಿಯ ಮೋಟಾರು ಮೇಸ್ತ್ರಿ ಬರದೆ ಕೈಕೊಟ್ಟ. ಆಗ ಎಲ್ಲರಿಗೂ ವೀರವ್ವನ ನೆನಪಾಯಿತು.

ಅವಳು ಗೋಣಿತಾಟು ಹಾಸಿ ಗಾಡಿಯ ಅಡಿಗೆ ಮಲಗಿ, ಬೋಲ್ಟು ಬಿಚ್ಚುವ ಪಾನಾ ಹಿಡಿದು ತಳದ ಬೋಲ್ಟನ್ನು ತಿರುವಿದಳು. ಹಳೆಯ ಎಣ್ಣೆ ಕಾಕಂಬಿಯ ಹಾಗೆ ಕಬ್ಬಿಣದ ಬುಟ್ಟಿಗೆ ಇಳಿಯಿತು. ಕೊನೆಯ ಹನಿ ಬೀಳುವತನಕ ಕಾದು, ಬೋಲ್ಟು ಬಿಗಿದು, ಹೊಸ ಎಣ್ಣೆ ಹಾಕಿ, ಕಡ್ಡಿ ಅದ್ದಿ ಅಳತೆ ನೋಡಿದಳು. ಹ್ಯಾಂಡಲ್ ಸುತ್ತಿ ಸುತ್ತಿ ತೋಳು ಸೋತಾಗ ಎಂಜಿನ್ನು ಕೆಮ್ಮಿ ಎದ್ದಿತು. ಅವಳು ಹಾರ್ನ್ ಒತ್ತಿದಳು. ಕೋಟೆಯ ಕಡೆಯಿಂದ ನವಿಲು ಕೂಗಿತು. ವೀರವ್ವನಿಗೆ ಅಳು ಬಂತು, ಹಿಂದೆಯೇ ನಗುವೂ ಬಂತು.

ಎಂಜಿನ್ನು ಕಾಯಲಿ ಎಂದು ಬಿಟ್ಟು, ಸುದ್ದಿ ಹೇಳಲು ಅವಳು ಪಡಸಾಲೆಯ ಹೊಸ್ತಿಲಿಗೆ ಬಂದಳು. ಮದುಮಗ ಮಣೆಯ ಮೇಲೆ ಕುಳಿತಿದ್ದ. ಅವನ ಹಿರಿಯಕ್ಕ ಶಾರವ್ವ ಬಟ್ಟಲು ಹಿಡಿದಿದ್ದಳು.

"ಅಲ್ಲೇ ನಿಲ್ಲು! ಎಣ್ಣಿ ಹಚ್ಚೂ ಹೊತ್ತು, ಒಳಗ ಹೋಗು," ಎಂದಳು ಶಾರವ್ವ. ಆಳು ಹೂವಪ್ಪನತ್ತ ತಿರುಗಿ, "ಮೋಟಾರಕ್ಕ ಅರಿಷಿಣ ನೀರ ಚಿಮುಕ್ಸು. ಅಕಿ ಕೈ ಮುಟ್ಟೇತಿ," ಎಂದಳು.

ವೀರವ್ವ ಹೊಸ್ತಿಲಿನಿಂದ ಕದಲಲಿಲ್ಲ.

"ಅಕ್ಕಾರ, ಮ್ಯಾಲ ನೀರ ಚಿಮುಕ್ಸಿದ್ರ ಏನ ಬಂತ್ರಿ? ನಾ ಹಾಕಿದ ಎಣ್ಣಿ ಅದರ ಹೊಟ್ಯಾಗ ಐತಿ. ಅದನ್ನ ಹೆಂಗ ತೊಳೀತೀರಿ?"

"ನಿನ್ನ ಮ್ಯಾಲ ನನಗ ಸಿಟ್ಟಿಲ್ಲ ವೀರವ್ವ," ಎಂದಳು ಶಾರವ್ವ. "ಒಬ್ಬ ತಮ್ಮನ್ನ ಮಣ್ಣಾಗ ಇಟ್ಟೇನಿ. ಇಂವಗೂ ಏನರ ಆದ್ರ ನಾ ತಡಕೊಳ್ಳಂಗಿಲ್ಲ. ಹಿರ್ಯಾರು ಸುಮ್ಮನ ಮಾಡಿಟ್ಟಿಲ್ಲ."

"ಹಾನಗಲ್ಲತನಕ ಅಂವ ಜೀವಾ ನಂಬಿ ಕುಂದ್ರೂದು ನನ್ನ ಎಣ್ಣಿ ಮ್ಯಾಲ. ಅದು ನಡೀತೈತಿ, ತಲಿಗೆ ನಾಕ ಹನಿ ನಡಿಯಂಗಿಲ್ಲ! ಹೊಳಿ ದಾಟಿದ ಮ್ಯಾಲ ಅಂಬಿಗನ ಹಂಗ್ಯಾಕ ಅಂತೀರಿ. ಇನ್ನೂ ದಾಟಿಲ್ರಿ ಅಕ್ಕಾರ, ಹೊಳಿ ಮುಂದ ಐತಿ."

ಅವಳು ಹೊಸ್ತಿಲು ದಾಟಿ ಬಂದು ಕೈಯಲ್ಲೇ ಇದ್ದ ಪಾನಾವನ್ನು ಮಣೆಯ ಮುಂದಿಟ್ಟಳು.

"ಚನ್ನವೀರಪ್ಪ, ತಳದಾಗ ಒಂದ ಬೋಲ್ಟ ಐತಿ. ನನ್ನ ಕೈ ಅಪಶಕುನ ಆದ್ರ ಅದನ್ನ ಬಿಚ್ಚಿ ಎಲ್ಲಾ ಎಣ್ಣಿ ಚೆಲ್ಲು, ಚಕ್ಕಡಿ ಹೂಡ್ಕೊಂಡ ಹೋಗು. ಚೆಲ್ಲಂಗಿಲ್ಲಂದ್ರ ನಿನ್ನ ತಲಿಗೂ ನಾನ ಹಚ್ಚತೇನಿ. ಒಳಗ ಮಾತ್ರ ಹೋಗಂಗಿಲ್ಲ."

ಚನ್ನವೀರಪ್ಪ ಕೆಟ್ಟವನಲ್ಲ, ಅಂಜುಬುರುಕ. ಕನ್ಯೆ ನೋಡಲು ಹೋದಾಗಲೂ ಅಕ್ಕನ ಮುಖ ನೋಡಿಯೇ ಹೂಂ ಅಂದವನು. "ವೈನಿ, ನಾಕ ಮಂದ್ಯಾಗ ಹಿಂಗ..." ಎಂದು ಅತ್ತಿಗೆಯ ಮುಂದೆ ತೊದಲಿದ.

"ನಾಕ ಮಂದಿ ಅದಾರಂತನ ಹೇಳಾಕತ್ತೇನಿ."

ಆಗ ಒಳಕೋಣೆಯ ಬಾಗಿಲು ಸರಿಯಿತು. ತಾಯಿ ಹಾಲವ್ವ ಗೋಡೆ ಹಿಡಿದು ಹೊರಬಂದಳು. ಚನ್ನವೀರಪ್ಪ ತೊಟ್ಟಿಲಲ್ಲಿದ್ದಾಗಲೇ ಗಂಡನನ್ನು ಕಳೆದುಕೊಂಡವಳು. ಹೆತ್ತ ಮಕ್ಕಳ ಮದುವೆಯ ಹಾಡನ್ನೂ ಬಾಗಿಲ ಹಿಂದೆಯೇ ಕೇಳಿದವಳು.

"ಅವ್ವಾ, ನೀ ಯಾಕ ಬಂದಿ?" ಶಾರವ್ವ ಗಾಬರಿಯಾದಳು.

"ಉಳಿವೆಪ್ಪನ ಲಗ್ನದಾಗ ನಾ ಒಳಗ ಕುಂತಿದ್ದೆ ಶಾರವ್ವ. ಅಪಶಕುನ ಆಗಬಾರದಂತ. ಅಂವ ಉಳದನೇನು?"

ಹಿತ್ತಲಲ್ಲಿ ಎಂಜಿನ್ನು ಓಡುತ್ತಲೇ ಇತ್ತು. ಹಾಲವ್ವ ಮಗಳ ಕೈಯ ಬಟ್ಟಲಿಗೆ ಬೆರಳದ್ದಿ, ಮಗನ ನೆತ್ತಿಗೆ ಎಣ್ಣೆ ಒತ್ತಿದಳು. ಎಷ್ಟೋ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ, "ಬಾ ವೀರವ್ವ," ಎಂದು ಕರೆದಳು.

ವೀರವ್ವ ತನ್ನ ಕೈ ನೋಡಿಕೊಂಡಳು. "ತಡೀರಿ ಅತ್ತೀ, ಕೈ ತೊಕ್ಕೊಂಡ ಬರ್ತೇನಿ."

"ತೊಳೀಬ್ಯಾಡ್ರಿ ವೈನಿ," ಎಂದ ಚನ್ನವೀರಪ್ಪ. ಪಾನಾವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಿದ್ದ. ಈ ಸಲ ಅಕ್ಕನ ಮುಖ ನೋಡಲಿಲ್ಲ. "ಹಂಗ ಹಚ್ಚರಿ."

ಅವಳು ನೆತ್ತಿಗೆ ಹಚ್ಚಿದಳು, ಗಲ್ಲಕ್ಕೆ ಹಚ್ಚಿದಳು. ಎಡಗಲ್ಲದ ಮೇಲೆ ಅವಳ ಹೆಬ್ಬೆರಳು ಕಪ್ಪಗೆ ಮೂಡಿತು. ಶಾರವ್ವ ಒರೆಸಲೆಂದು ಸೆರಗು ಹಿಡಿದು ಬಾಗಿದಳು. ತಮ್ಮನ ಮುಖ ನೋಡಿದಳು, ತಾಯಿಯ ಮುಖ ನೋಡಿದಳು. ಸೆರಗು ಬಿಟ್ಟು, ಆ ಕಪ್ಪನ್ನು ಉಳಿಸಿ ಸುತ್ತಲೂ ಅರಿಷಿಣ ಹಚ್ಚಿದಳು.

ನೀರೆರೆಯುವಾಗ ಸೀಗೆಪುಡಿ ಹಾಕಿ ತಿಕ್ಕಿದರೂ ಆ ಕಪ್ಪು ಹೋಗಲಿಲ್ಲ. ಹಾಲವ್ವ ಮಗಳ ಜತೆ ಚಕ್ಕಡಿಯಲ್ಲಿ ಮುಂದೆ ಹೊರಟಳು. ನಡುದಾರಿಯಲ್ಲಿ ಮೋಟಾರು ನಿಂತರೆ ನೋಡುವವರು ಬೇಕೆಂದು, ಅಣ್ಣನಿಂದ ಓಡಿಸಲು ಕಲಿತಿದ್ದ ಚನ್ನವೀರಪ್ಪ ವೀರವ್ವನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡ. ಮೋಟಾರು ಎಲ್ಲಿಯೂ ನಿಲ್ಲಲಿಲ್ಲ.

ಹಾನಗಲ್ಲಿನಲ್ಲಿ ಬೀಗರ ಹೆಂಗಸರು ಗಾಡಿಗೆ ಮುತ್ತಿಕೊಂಡರು. ಒಬ್ಬಾಕೆ ಮದುಮಗನ ಗಲ್ಲ ನೋಡಿ, "ಶಾಣ್ಯಾರ ಅದಾರ, ದಿಟ್ಟಿ ಬೊಟ್ಟ ಇಟ್ಟ ಕಳಿಸ್ಯಾರ! ಯಾವ ಮುತ್ತೈದಿ ಇಟ್ಟಾಕಿ?" ಎಂದಳು.

"ನಮ್ಮ ವೈನಿ," ಎಂದ ಚನ್ನವೀರಪ್ಪ, ಎಲ್ಲರಿಗೂ ಕೇಳುವ ಹಾಗೆ.

ವೀರವ್ವ ಬಾಗಿಲು ತೆಗೆದು ಇಳಿದಳು. ವಿಭೂತಿಯಷ್ಟೇ ಇದ್ದ ಹಣೆಯನ್ನು ಸೆರಗಿನಿಂದ ಮುಚ್ಚಿಕೊಳ್ಳಲಿಲ್ಲ.