ನಾನೇನು ಹುಳಾನಾ?

ಮನೆಯಲ್ಲಿ ಹದಿನೈದು ಹದಿನಾರರ ಮಕ್ಕಳಿದ್ದರೆ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಊಟಕ್ಕೆ ಕರೆದರೆ "ಬಂದೆ" ಎನ್ನುತ್ತಾರೆ, ಬರುವುದಿಲ್ಲ. ಎದುರಿಗೇ ಕೂತಿರುತ್ತಾರೆ, ಮಾತಾಡಿಸಿದರೆ ಕೇಳುವುದಿಲ್ಲ. ಆವತಿಯ ಆಚೆ, ರೇಷ್ಮೆ ಬೆಳೆಯುವ ಮುನಿಕೃಷ್ಣನ ಮನೆಯಲ್ಲೂ ಇದೇ ಕಥೆ. ಮಗಳು ಚೈತ್ರ ಹತ್ತನೇ ತರಗತಿ. ಪಾಠಕ್ಕೆಂದು ಕೊಡಿಸಿದ ಮೊಬೈಲಿನಲ್ಲಿ ಪಾಠ ಎಲ್ಲಿ ಮುಗಿದು ರೀಲ್ಸ್ ಎಲ್ಲಿ ಶುರುವಾಯಿತೋ, ಮನೆಯವರಿಗೂ ತಿಳಿಯಲಿಲ್ಲ, ಅವಳಿಗೂ ತಿಳಿಯಲಿಲ್ಲ.

ಮೊದಲು ಹಾಗಿರಲಿಲ್ಲ ಹುಡುಗಿ. ಅಜ್ಜಿ ಪಿಳ್ಳಮ್ಮನ ಸೆರಗು ಹಿಡಿದು ಹುಳುಮನೆಯಲ್ಲೇ ಬೆಳೆದವಳು. ಹಣ್ಣಾದ ಹುಳುವನ್ನು, ಎಂದರೆ ಹಿಪ್ಪುನೇರಳೆ ಸೊಪ್ಪು ತಿನ್ನುವುದನ್ನು ಬಿಟ್ಟು ಗೂಡು ಕಟ್ಟಲು ತಯಾರಾದ ಹುಳುವನ್ನು, ಬೆಳಕಿಗೆ ಹಿಡಿದು ಗುರುತಿಸುವುದನ್ನು ಅಜ್ಜಿಯೇ ಕಲಿಸಿದ್ದಳು. "ನನ್ ಕಣ್ಣು ಮಂಜಾದ್ರೇನು, ಮೊಮ್ಮಗಳ ಕಣ್ಣೈತೆ" ಎಂದು ಪಿಳ್ಳಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಆ ಸಲದ ಬೆಳೆ ಹಣ್ಣಾಗಲು ಇನ್ನೊಂದು ದಿನ ಇದೆ ಎನ್ನುವಾಗ ಹೊಸಕೋಟೆಯ ನೆಂಟರ ಮನೆಯಲ್ಲಿ ಸಾವಾಯಿತು. ದೊಡ್ಡವರು ಹೋಗಲೇಬೇಕಾಯಿತು.

"ಬಿಸಿಲು ಜೋರೈತೆ, ಇವತ್ತೇ ಹಣ್ಣಾದ್ರೂ ಆದಾವು. ಆಗಾಗ ಹೋಗಿ ನೋಡ್ತಿರವ್ವಾ" ಎಂದಳು ಪಿಳ್ಳಮ್ಮ. "ಹುಳ ತಲೆ ಎತ್ತಿದ್ರೆ ಪಕ್ಕದ ಮನೆ ಕೆಂಪರಾಜನ್ನ ಕೂಗು. ಬೇಗ ಆರಿಸಿ ಚಂದ್ರಿಕೆಗೆ ಬಿಡ್ಬೇಕು."

ಚಂದ್ರಿಕೆ ಎಂದರೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ. "ಚಿಂತೆ ಬಿಡಜ್ಜಿ, ನಾನಿಲ್ವಾ?" ಎಂದಳು ಚೈತ್ರ. ಮನಸ್ಸಿನಿಂದಲೇ ಅಂದಳು.

ಬೆಳಿಗ್ಗೆ ಒಮ್ಮೆ ನೋಡಿ ಬಂದಳು. ಆಮೇಲೆ ಹುಳುಮನೆಯ ಹೊಸ್ತಿಲ ಮೇಲೆ ಕೂತು, ಒಂದೇ ಒಂದು ವಿಡಿಯೋ ಎಂದು ಮೊಬೈಲು ತೆಗೆದಳು. ಒಂದು ಮುಗಿಯುವ ಮುಂಚೆ ಇನ್ನೊಂದು ಬಂತು. ಬಾಗಿಲು ಬೆನ್ನ ಹಿಂದೆಯೇ ಇತ್ತು. ತಿರುಗಿ ನೋಡಿದ್ದರೆ ಸಾಕಿತ್ತು. ತಿರುಗಲಿಲ್ಲ.

ಸಂಜೆ ಪಿಳ್ಳಮ್ಮ ಸಾವಿನ ಮನೆಯಿಂದ ಬಂದು, ತಲೆಗೆ ನೀರು ಹಾಕಿಕೊಂಡು ಹುಳುಮನೆಗೆ ಹೋದಳು. ಹುಳುಗಳೆಲ್ಲ ಹಣ್ಣಾಗಿ, ಚಂದ್ರಿಕೆ ಕಾಣದೆ ಎಲ್ಲೆಂದರಲ್ಲಿ ಹರಿದಿದ್ದವು. ಹಿಕ್ಕೆಯಲ್ಲಿ, ಬಾಡಿದ ಸೊಪ್ಪಿನಲ್ಲಿ, ಗೋಡೆಯ ಮೂಲೆಯಲ್ಲಿ ನೂಲು ಸುತ್ತಿಕೊಂಡಿದ್ದವು. ಕೊಳಕಾದ, ತೆಳ್ಳಗಿನ ಗೂಡುಗಳು. ಇಡೀ ಮನೆ ಕೂಡಿ ದುಡಿದ ಬೆಳೆ ಹಾಳಾಗಿತ್ತು. ಅಜ್ಜಿ ಬಯ್ಯಲಿಲ್ಲ. "ಇನ್ಮೇಲೆ ಹುಳುಮನೆಗೆ ನೀನು ಬರ್ಬೇಡ" ಎಂದಷ್ಟೇ ಹೇಳಿದಳು. ನಾಲ್ಕು ಏಟು ಹಾಕಿದ್ದರೂ ಚೈತ್ರಳಿಗೆ ಅಷ್ಟು ನೋಯುತ್ತಿರಲಿಲ್ಲ.

ಮುನಿಕೃಷ್ಣ ಮಗಳ ಮೊಬೈಲು ಕಸಿದುಕೊಂಡು ಒರಳುಕಲ್ಲಿನ ಕಡೆ ನಡೆದ. "ಒಡೆದೇ ಹಾಕ್ಬಿಡ್ತೀನಿ ಇದನ್ನ!"

"ಒಡಿ!" ಅಳುತ್ತಿದ್ದವಳು ಎದ್ದು ನಿಂತಳು. "ನಿಂದೂ ಪಕ್ಕದಲ್ಲಿಟ್ಟು ಒಡಿ. ಮುದ್ದೆ ಮುರಿಯೋವಾಗ ನೀನೇನ್ ನೋಡ್ತೀಯಪ್ಪಾ? ಅಮ್ಮ ಸೀರಿಯಲ್ ನೋಡೋದು ಎಲ್ಲಿ? ನಾನೊಬ್ಳೇ ಕೆಟ್ಟೋಳಾ?"

"ಅಪ್ಪಂಗೇ ಎದುರುತ್ತರಾನಾ?" ಎಂದು ಮುನಿಕೃಷ್ಣ ಕೈ ಎತ್ತಿದ. ಅಷ್ಟರಲ್ಲಿ ಅವನ ಜೇಬು ಟಿಣ್ ಎಂದಿತು. ಎತ್ತಿದ ಕೈ ತಾನಾಗಿಯೇ ಜೇಬಿಗೆ ಇಳಿಯಿತು.

ಹೆಂಡತಿ ಅನಸೂಯ ನಗು ತಡೆಯಲಾಗದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗಲಾಟೆ ಕೇಳಿ ಬಂದ ಕೆಂಪರಾಜನ ಹೆಂಡತಿ ಕವಿತ ಮಾತ್ರ ನಗಲಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಹದಿಹರೆಯದ ಮಕ್ಕಳಿಗೆ ಬುದ್ಧಿಮಾತು ಹೇಳಿ ಧೈರ್ಯ ತುಂಬುವುದು ಅವಳ ಕೆಲಸ.

"ಹೊಡೆದ್ರೂ ಒಡೆದ್ರೂ ಹೋಗೋ ಚಟ ಅಲ್ಲಣ್ಣ ಇದು. ಕದ್ದು ನೋಡೋದು ಕಲೀತಾಳೆ, ಅಷ್ಟೇ."

"ನಾಯಿ ಬಾಲ ಡೊಂಕು ಕವಿತ. ಇವಳು ಬಿಡೋ ಮಾತಾ?"

ಕವಿತ ಚೈತ್ರಳ ಪಕ್ಕ ಕೂತಳು. "ಹುಳಕ್ಕೆ ಹೊತ್ತು ಹೊತ್ತಿಗೆ ಸೊಪ್ಪು ಯಾಕೆ ಹಾಕ್ತೀವಿ ಹೇಳು? ಪ್ರೀತಿಗಾ?"

"ರೇಷ್ಮೆಗೆ."

"ಆ ರೇಷ್ಮೆ ಕೊನೆಗೆ ಹುಳಕ್ಕೆ ಸಿಗ್ತದಾ?"

ಚೈತ್ರ ಇಲ್ಲವೆಂದು ತಲೆಯಾಡಿಸಿದಳು.

"ಒಂದು ಮುಗಿಯೋ ಮುಂಚೆ ಇನ್ನೊಂದು ವಿಡಿಯೋ ಹಾಕ್ತಾರಲ್ಲ, ಅವ್ರೂ ಹಂಗೇ ಕಣೇ. ನೀನು ತಲೆ ಎತ್ತಬಾರ್ದು ಅಂತ್ಲೇ ಹಂಗೆ ಮಾಡಿರ್ತಾರೆ. ನೀನು ನೋಡಿದಷ್ಟೂ ಜಾಹೀರಾತಿನ ದುಡ್ಡು ಅವ್ರಿಗೆ. ನಿಂಗೇನು ಸಿಕ್ತು? ನಿದ್ದೆ ಹೋಯ್ತು, ಓದು ಹೋಯ್ತು, ಇವತ್ತು ಅಜ್ಜಿ ನಂಬಿಕೇನೂ ಹೋಯ್ತು."

ಚೈತ್ರಳ ಮುಖ ಕೆಂಪೇರಿತು. "ನನಗೆ ಸೊಪ್ಪು ಹಾಕ್ತಾರಾ? ನಾನೇನು ಹುಳಾನಾ?"

"ಈ ರೋಷ ಇದೆಯಲ್ಲ, ಇದೇ ಬೇಕು. ಅಪ್ಪಂಗೆ ತಿರುಗಿ ನಿಂತ್ಯಲ್ಲ, ಆ ಮೊಬೈಲಿಗೂ ತಿರುಗಿ ನಿಲ್ಲು ನೋಡೋಣ."

ಮೂಲೆಯಲ್ಲಿ ಕೂತಿದ್ದ ಪಿಳ್ಳಮ್ಮ ಆಗ ಬಾಯಿ ಬಿಟ್ಟಳು. "ಹುಳುಮನೆಗೆ ಚಪ್ಪಲಿ ಮೆಟ್ಕೊಂಡ್ ಹೋಗ್ತೀವಾ? ಬೀಡಿ ಸೇದ್ಕೊಂಡ್ ಹೋಗ್ತೀವಾ? ಆ ನೇಮಕ್ಕೆ ದೊಡ್ಡೋರು ಚಿಕ್ಕೋರು ಅಂತ ಐತಾ?"

ಚೈತ್ರ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಹಂಗಾದ್ರೆ ಮೊಬೈಲೂ ಚಪ್ಪಲಿ ಇದ್ದಂಗೆ. ಊಟಕ್ಕೆ, ಓದಕ್ಕೆ, ನಿದ್ದೆಗೆ, ಹುಳುಮನೆಗೆ ಹೋಗೋವಾಗ ಹೊರಗಡೇನೇ ಬಿಡ್ಬೇಕು. ಎಲ್ರೂ. ಅಪ್ಪಾನೂ!"

ಮುನಿಕೃಷ್ಣ ಗೊಣಗಿದ. ಆದರೂ ಚಪ್ಪಲಿ ಬಿಡುವ ಜಾಗದ ಮೇಲಿನ ದೀಪದ ಗೂಡಿಗೆ ಮನೆಯ ಮೂರೂ ಮೊಬೈಲುಗಳು ಹೋದವು, ಚಾರ್ಜರುಗಳೂ ಹೋದವು. ಕವಿತ ಹೇಳಿದಂತೆ ಚೈತ್ರ ಟಿಣ್ ಎನ್ನುವ ಸದ್ದುಗಳನ್ನೆಲ್ಲ ನಿಲ್ಲಿಸಿ, ರೀಲ್ಸ್ ಆಪ್ ಅಳಿಸಿದಳು. ಶಾಲೆಯ ಸಂದೇಶಗಳನ್ನು ಸಂಜೆ ಒಮ್ಮೆ ಮಾತ್ರ ನೋಡಿದಳು. "ಖಾಲಿ ಹೊತ್ತು ಸಿಗ್ತದೆ, ಅದನ್ನ ಖಾಲಿ ಬಿಟ್ರೆ ಮತ್ತೆ ಮೊಬೈಲೇ ಬಂದು ಕೂರ್ತದೆ" ಎಂದು ಎಚ್ಚರಿಸಿ, ಬಿಟ್ಟುಹೋಗಿದ್ದ ಖೋ ಖೋ ಆಟಕ್ಕೆ ಕವಿತಳೇ ಅವಳನ್ನು ಎಳೆದುಕೊಂಡು ಹೋದಳು.

ಸುಲಭವಾಗಿತ್ತು ಎಂದರೆ ಸುಳ್ಳಾಗುತ್ತದೆ. ಬರಿಗೈಯಲ್ಲೇ ಹೆಬ್ಬೆರಳು ಆಡುತ್ತಿತ್ತು. ಕಾರಣವಿಲ್ಲದೆ ಅಮ್ಮನ ಮೇಲೆ ಹರಿಹಾಯುತ್ತಿದ್ದಳು. ಒಂದು ದಿನ ತಡೆಯಲಾರದೆ ಹಿತ್ತಲಲ್ಲಿ ಕೂತು ನೋಡಿಯೂ ಬಿಟ್ಟಳು. ಆಮೇಲೆ ತಾನಾಗಿಯೇ ಹೋಗಿ ಕವಿತಳಿಗೆ ಹೇಳಿ ಅತ್ತಳು.

"ಎಡವಿದ್ರೆ ನಡೆಯೋದೇ ಬಿಡ್ತೀವಾ? ನಾಳೆ ಮತ್ತೆ ಹಿಡಿ" ಎಂದಳು ಕವಿತ.

ಅಜ್ಜಿಯೂ ಕರಗಿದಳು. "ಇದೊಂದು ಜ್ವರ ಕಣವ್ವಾ. ಹುಳಾನೂ ಜ್ವರಕ್ಕೆ ಸೊಪ್ಪು ಬಿಟ್ಟು ಮಲಗ್ತದೆ, ಪೊರೆ ಕಳಚಿ ಏಳ್ತದೆ."

"ಅಜ್ಜೀ, ನನ್ನ ಹುಳ ಅನ್ಬೇಡ!" ಎಂದು ಚೈತ್ರ ಸಿಡುಕಿದಳು. ಸಿಡುಕಿದ ಮೇಲೆ ಇಬ್ಬರೂ ನಕ್ಕರು.

ಅಪ್ಪನೂ ಸಿಕ್ಕಿಬಿದ್ದ. ದನದ ಕೊಟ್ಟಿಗೆಯ ಹಿಂದೆ ಮೊಬೈಲು ಹಿಡಿದು ನಿಂತಿದ್ದವನು, "ಮಳೆ ಸುದ್ದಿ ನೋಡ್ತಿದ್ದೆ ಕಣಮ್ಮಾ" ಎಂದ.

"ಮಳೆ ಹಾಡು ಹೇಳ್ತದೇನಪ್ಪಾ?"

ಮುನಿಕೃಷ್ಣ ಹೋಗಿ ಮೊಬೈಲನ್ನು ದೀಪದ ಗೂಡಿನಲ್ಲಿಟ್ಟು ಬಂದ. ಆ ದಿನದಿಂದ ನಾಯಿ ಬಾಲದ ಗಾದೆ ಅವನ ಬಾಯಿಂದ ಬರಲಿಲ್ಲ.

ಮುಂದಿನ ಬೆಳೆ ಬಂತು. ಹಣ್ಣಾಗುವ ದಿನ ಚೈತ್ರ ಜಗುಲಿಯ ಮೇಲೆ ಓದುತ್ತ ಕೂತಿದ್ದಳು. ಹುಳುಮನೆಯ ಕಡೆ ಹೋಗುವ ಧೈರ್ಯ ಅವಳಿಗೆ ಇನ್ನೂ ಇರಲಿಲ್ಲ. ಒಳಗಿನಿಂದ ಪಿಳ್ಳಮ್ಮನ ಕೂಗು ಬಂತು.

"ಚೈತ್ರಾ! ಕಾಲು ತೊಳ್ಕೊಂಡು ಒಳಕ್ ಬಾ. ನನ್ ಕಣ್ಣಿಗೆ ಸರಿಯಾಗಿ ಕಾಣಾಕಿಲ್ಲ. ನೀನೇ ನೋಡ್ಬೇಕು."

ಹುಡುಗಿ ಪುಸ್ತಕ ಮಡಚಿ ಎದ್ದಳು. ಕಾಲು ತೊಳೆದು ಒಳಗೆ ಹೋಗಿ, ಒಂದು ಹುಳುವನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಮೈಯೆಲ್ಲ ಹೊಂಬಣ್ಣಕ್ಕೆ ತಿರುಗಿ ತಿಳಿಯಾಗಿತ್ತು.

"ಹಣ್ಣಾದ್ವು! ಅಪ್ಪಾ, ಕೆಂಪರಾಜಣ್ಣನ್ನ ಕರಿ! ಅಮ್ಮಾ, ಚಂದ್ರಿಕೆ ತಾ!"

ಎಲ್ಲರೂ ಓಡಿ ಬಂದು ಆರಿಸಲು ಕೂತರು. ಹೊರಗೆ ಚೈತ್ರಳ ಮೊಬೈಲು ಬಡಿದುಕೊಳ್ಳತೊಡಗಿತು. ಗೆಳತಿ ರಮ್ಯ ಹೊಸ ವಿಡಿಯೋ ಬಂತೆಂದು ಹೇಳಲು ಕರೆ ಮಾಡುವ ಹೊತ್ತು ಅದು. ಪಿಳ್ಳಮ್ಮ ಮೊಮ್ಮಗಳ ಮುಖ ನೋಡಿದಳು.

"ಕರೀತೈತೆ ಕಣೇ."

ಚೈತ್ರಳ ಕೈ ಹುಳುವಿನ ಮೇಲಿಂದ ಕದಲಲಿಲ್ಲ. "ಸೊಪ್ಪು ತೋರಿಸಿ ಕರೀತೈತೆ ಅಜ್ಜಿ. ಕರೀಲಿ ಬಿಡು. ನಾನೇನು ಹುಳಾನಾ?"

ಇದನ್ನು ಓದಿದ, ಕೇಳಿದ ಅಪ್ಪ ಅಮ್ಮಂದಿರೇ, ಮಕ್ಕಳ ಮೊಬೈಲು ಕಸಿಯುವ ಮೊದಲು ನಿಮ್ಮದನ್ನು ಕೆಳಗಿಡಿ. ನಿಮಗೆ ಹುಳುಮನೆ ಇಲ್ಲದಿದ್ದರೆ ಊಟದ ಮನೆ ಇದೆ, ಮಲಗುವ ಕೋಣೆ ಇದೆ. ಅಲ್ಲಿಗೆ ಮೊಬೈಲು ಬರಬಾರದು ಎಂಬ ನೇಮ ಇವತ್ತೇ ಮಾಡಿ. ಎಷ್ಟು ಮಾಡಿದರೂ ಚಟ ಬಿಡದೆ ಮಗುವಿನ ನಿದ್ದೆ, ಊಟ, ಶಾಲೆ ತಪ್ಪುತ್ತಿದ್ದರೆ ನಾಚಿಕೆ ಬೇಡ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ, ಇಲ್ಲವೇ 14416ಕ್ಕೆ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಿ. ಹುಡುಗ ಹುಡುಗಿಯರೇ, ನಿಮ್ಮ ಹಠ ಎಷ್ಟು ಗಟ್ಟಿ ಎಂದು ನಮಗೆ ಗೊತ್ತು. ಇವತ್ತು ಸಂಜೆ ಅದನ್ನು ಮೊಬೈಲಿಗೂ ಒಮ್ಮೆ ತೋರಿಸಿ.